ವಾಷರ್ ಇಟ್ಟ ಮೇಲೆ ಮುರಿದ ಸ್ಪ್ರಿಂಗ್

ಪ್ರಶ್ನೆ: ನಾನು ಚಿತ್ರದುರ್ಗದವನು. ನನ್ನ ಬಳಿ ಹಳೆಯ ಮಾರುತಿ ಎಸ್ಟೀಮ್ ಇದೆ. 1.3 ಲೀಟರಿನ, 16 ವಾಲ್ವ್‌ಗಳ ಎಂಜಿನ್. ಆಟೋಕ್ರಾಸ್ ಎಂಬ ತಿರುವುಗಳ ಕಾರು ಓಟಕ್ಕೆಂದು ಸಿದ್ಧ ಮಾಡಿಕೊಂಡಿದ್ದೇನೆ. ಇದುವರೆಗೆ ಎರಡು ಸಲ ಹೆಡ್ (ವಾಲ್ವುಗಳಿರುವ, ಎಂಜಿನ್ನಿನ ಮೇಲ್ಭಾಗ) ಕೆಲಸ ಆಗಿದೆ. ಕಳೆದ ವರ್ಷ ಲಿಫ್ಟ್, ಅಂದರೆ ವಾಲ್ವ್ ತೆರೆಯುವ ಎತ್ತರ, ಹೆಚ್ಚುವಂತೆ ಗ್ರೈಂಡ್ ಮಾಡಿಸಿದ ಕ್ಯಾಮ್ (ವಾಲ್ವುಗಳನ್ನು ತೆರೆಯುವ ಉಬ್ಬುಗಳಿರುವ ದಂಡ) ಹಾಕಿಸಿದೆ. ಅಂದಿನಿಂದ 6,000 ಆರ್‌ಪಿಎಂ ದಾಟಿದರೆ ಬಟ್ಟೆ ಹರಿದಂತೆ ಸದ್ದು ಬಂದು ಎಂಜಿನ್ ಎಳೆಯುವುದನ್ನೇ ಬಿಡುತ್ತಿತ್ತು. ಇಲ್ಲಿನ ಮೆಕ್ಯಾನಿಕ್ ವಾಲ್ವುಗಳನ್ನು ಮುಚ್ಚುವ ಎಲ್ಲ ಸ್ಪ್ರಿಂಗ್‌ಗಳ ಕೆಳಗೂ ಒಂದೊಂದು ಮಿಲಿಮೀಟರಿನ ವಾಷರ್ ಇಟ್ಟರು. 6,300ರವರೆಗೆ ಚೆನ್ನಾಗಿ ಓಡಿತು. ಮೂರನೆಯ ಓಟದಲ್ಲಿ ಒಂದು ಸ್ಪ್ರಿಂಗ್ ಮುರಿಯಿತು. ಪುಣ್ಯಕ್ಕೆ ವಾಲ್ವ್ ಒಳಗೆ ಬೀಳಲಿಲ್ಲ. ಈಗ ಒಬ್ಬರು ಇರುವುದರಲ್ಲೇ ಗಟ್ಟಿಯಾದ, ಒಂದರೊಳಗೊಂದು ಕೂರುವ ಡಬಲ್ ಸ್ಪ್ರಿಂಗ್ ತರಿಸು ಎನ್ನುತ್ತಾರೆ. ಇನ್ನೊಬ್ಬರು ಗುಜರಿಯ ಜಪಾನಿ ಎಂಜಿನ್ನಿನಿಂದ ಬಿಚ್ಚಿದ್ದನ್ನು ಹಾಕು, ಅವು ಸಾಯುವುದೇ ಇಲ್ಲ ಎನ್ನುತ್ತಾರೆ. ಮತ್ತೊಬ್ಬರು ದಪ್ಪ ತಂತಿಯಲ್ಲಿ ಇಲ್ಲೇ ಸುತ್ತಿಸಬಹುದು ಎನ್ನುತ್ತಾರೆ. ಯಾರ ಮಾತು ಕೇಳಲಿ? ಮುರಿದ ಸ್ಪ್ರಿಂಗನ್ನೂ ಪಕ್ಕದ ಸಿಲಿಂಡರಿನ ಒಂದು ಸ್ಪ್ರಿಂಗನ್ನೂ ಕಳುಹಿಸಿದ್ದೇನೆ.

ಉತ್ತರ: ಎರಡೂ ಸ್ಪ್ರಿಂಗ್‌ಗಳು ಪೌಡರ್ ಡಬ್ಬಿಯಲ್ಲಿ ಸುರಕ್ಷಿತವಾಗಿ ದಾವಣಗೆರೆ ತಲುಪಿದವು. ಮುರಿದದ್ದನ್ನು ಪೆಟ್ರೋಲಿನಲ್ಲಿ ತೊಳೆದು, ಅಂಗಡಿ ಬಾಗಿಲಿನ ಬಿಸಿಲಿಗೆ ಹಿಡಿದು, ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರದಲ್ಲಿ ನೋಡಿದೆ. ಮುರಿದ ಮುಖದ ಒಂದು ಅಂಚಿನಲ್ಲಿ, ಸುರುಳಿಯ ಒಳಮೈಯ ಕಡೆ, ಸಾಸಿವೆಗಿಂತ ಚಿಕ್ಕದಾದ ಕಪ್ಪು ಚುಕ್ಕೆ ಇದೆ. ಅದರ ಸುತ್ತ ನುಣುಪಾದ ಅರ್ಧಚಂದ್ರ. ಉಳಿದ ಭಾಗವೆಲ್ಲ ಸಕ್ಕರೆ ಹರಳಿನಂತೆ ಒರಟು. ಎಂದರೆ ಈ ಸ್ಪ್ರಿಂಗ್ ಓಟದ ದಿನ ಮುರಿದದ್ದಲ್ಲ, ಅಂದು ಮುರಿದು ಮುಗಿದದ್ದು ಮಾತ್ರ. ಬಿರುಕು ಆ ಚುಕ್ಕೆಯಲ್ಲಿ ಹುಟ್ಟಿ, ನುಣುಪಾದ ಭಾಗದಷ್ಟು ದೂರ ಮೆಲ್ಲಗೆ ನಡೆದು, ಉಳಿದ ತಂತಿಗೆ ಭಾರ ತಡೆಯಲಾಗದೆ ಒಮ್ಮೆಗೆ ಕತ್ತರಿಸಿಕೊಂಡಿದೆ. ಚುಕ್ಕೆ ತುಕ್ಕಿನ ಗುಳಿ. ಹೆಡ್ ಬಿಚ್ಚಿ ಮಳೆಗಾಲದಲ್ಲಿ ಎಲ್ಲೋ ಎಣ್ಣೆ ಹಚ್ಚದೆ ಇಟ್ಟಿದ್ದಿರಬೇಕು.

ಆದರೆ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಬೇರೆ ಗುರುತು. ಮುರಿದ ಸ್ಪ್ರಿಂಗಿನ ನಡುವಿನ ಸುತ್ತುಗಳ ಮೇಲೆ, ಒಂದು ಸುತ್ತು ಇನ್ನೊಂದಕ್ಕೆ ಎದುರಾಗುವ ಕಡೆ, ಬೆಳ್ಳಿಯ ಎಳೆಯಂತೆ ಹೊಳೆಯುವ ಗೆರೆಗಳಿವೆ. ನೀವು ಕಳುಹಿಸಿದ ಎರಡನೆಯ ಸ್ಪ್ರಿಂಗಿನಲ್ಲಿ ಅವು ಇಲ್ಲ. ಒಂದೇ ಎಂಜಿನ್, ಒಂದೇ ಕ್ಯಾಮ್, ಒಂದೇ ದಪ್ಪದ ವಾಷರ್. ಹಾಗಿದ್ದರೂ ಒಂದರ ಸುತ್ತುಗಳು ಪರಸ್ಪರ ಬಡಿದಿವೆ, ಇನ್ನೊಂದರಲ್ಲಿ ಇಲ್ಲ. ಉತ್ತರ ನಿಮ್ಮ ಪತ್ರದಲ್ಲೇ ಇದೆ: ಎರಡು ಸಲ ಹೆಡ್ ಕೆಲಸ.

ಹೆಡ್ ಕೆಲಸದಲ್ಲಿ ವಾಲ್ವ್ ಸೀಟನ್ನು, ಅಂದರೆ ವಾಲ್ವ್ ಮುಚ್ಚಿ ಕೂರುವ ಅಂಚನ್ನು, ಕತ್ತರಿಸಿದಾಗಲೆಲ್ಲ ವಾಲ್ವ್ ಅಷ್ಟರ ಮಟ್ಟಿಗೆ ಹೆಡ್ಡಿನೊಳಕ್ಕೆ ಕೂರುತ್ತದೆ, ಅದರ ಕಡ್ಡಿ ಅಷ್ಟೇ ಮೇಲೇಳುತ್ತದೆ. ಸ್ಪ್ರಿಂಗನ್ನು ಮೇಲಿನಿಂದ ಹಿಡಿಯುವ ಬಿಲ್ಲೆ, ರಿಟೇನರ್, ಕಡ್ಡಿಯ ತುದಿಯಲ್ಲಿ ಇರುವುದರಿಂದ ಸ್ಪ್ರಿಂಗಿಗೆ ಸಿಗುವ ಜಾಗ ಹೆಚ್ಚಾಗುತ್ತದೆ, ಸ್ಪ್ರಿಂಗ್ ಸಡಿಲವಾಗುತ್ತದೆ. ಹದಿನಾರು ಸೀಟುಗಳನ್ನೂ ಒಂದೇ ಸಮ ಕತ್ತರಿಸುವವರು ಅಪರೂಪ. ಕೆಟ್ಟ ಸೀಟನ್ನು ಹೆಚ್ಚು ಕತ್ತರಿಸುತ್ತಾರೆ, ಒಳ್ಳೆಯದನ್ನು ಸವರಿ ಬಿಡುತ್ತಾರೆ. ಹೀಗಾಗಿ ನಿಮ್ಮ ಹೆಡ್ಡಿನಲ್ಲಿ ಕೆಲವು ಸ್ಪ್ರಿಂಗ್‌ಗಳು ಸಡಿಲವಾಗಿದ್ದವು, ಕೆಲವು ಕಂಪನಿಯಿಂದ ಬಂದಷ್ಟೇ ಬಿಗಿಯಾಗಿದ್ದವು. 6,000ದಲ್ಲಿ ಹರಿದ ಸದ್ದು ಕೊಡುತ್ತಿದ್ದದ್ದು ಸಡಿಲವಾದವು. ಮುರಿದದ್ದು ಬಿಗಿಯಾಗಿದ್ದದ್ದು.

ದುಂಡು ಅಂಕಿಗಳಲ್ಲಿ ಒಂದು ಲೆಕ್ಕ ಹಾಕುತ್ತೇನೆ. ಇವು ನಿಮ್ಮ ಎಂಜಿನ್ನಿನ ಅಂಕಿಗಳಲ್ಲ, ಅವನ್ನು ನೀವೇ ಅಳೆಯಬೇಕು. ವಾಲ್ವ್ ಮುಚ್ಚಿದಾಗ ಸ್ಪ್ರಿಂಗ್ ನಿಲ್ಲುವ ಎತ್ತರ 35 ಮಿಲಿಮೀಟರ್, ಆಗ ಅದರ ಒತ್ತಡ 20 ಕಿಲೋ ಎನ್ನೋಣ. ಪ್ರತಿ ಮಿಲಿಮೀಟರ್ ಒತ್ತಿದರೆ 3 ಕಿಲೋ ಹೆಚ್ಚುತ್ತದೆ. ಸುತ್ತುಗಳು ಒಂದಕ್ಕೊಂದು ಪೂರ್ತಿ ಅಂಟಿಕೊಳ್ಳುವ ಎತ್ತರ 24.5. ಮೊದಲಿನ ಕ್ಯಾಮ್ 8 ಮಿಲಿಮೀಟರ್ ಎತ್ತುತ್ತಿದ್ದಾಗ 2.5 ಮಿಲಿಮೀಟರ್ ಜಾಗ ಉಳಿಯುತ್ತಿತ್ತು. ಹೊಸ ಕ್ಯಾಮ್ 9.5 ಎತ್ತುತ್ತದೆ, ಉಳಿಯುವುದು 1. ಅದರ ಕೆಳಗೆ 1 ಮಿಲಿಮೀಟರಿನ ವಾಷರ್ ಇಟ್ಟಿರಿ, ಉಳಿದದ್ದು ಸೊನ್ನೆ. ಪಕ್ಕದ ವಾಲ್ವಿನಲ್ಲಿ ಸೀಟು 0.8 ಮಿಲಿಮೀಟರ್ ಇಳಿದಿದೆ ಎಂದುಕೊಳ್ಳಿ. ಅಲ್ಲಿ ಸ್ಪ್ರಿಂಗ್ 35.8 ಎತ್ತರದಲ್ಲಿ ನಿಂತು 17.6 ಕಿಲೋಗೆ ಇಳಿದಿತ್ತು. ವಾಷರ್ ಬಂದ ಮೇಲೆ 20.6 ಕಿಲೋ, ಉಳಿದ ಜಾಗ 0.8 ಮಿಲಿಮೀಟರ್. ಒಂದೇ ವಾಷರ್ ಒಂದು ವಾಲ್ವಿಗೆ ಮದ್ದಾಯಿತು, ಇನ್ನೊಂದಕ್ಕೆ ವಿಷವಾಯಿತು.

ಹಾಗಾಗಿ ನಿಮ್ಮ ಮೆಕ್ಯಾನಿಕ್ ಮಾಡಿದ್ದು ಪೂರ್ತಿ ತಪ್ಪೆಂದು ನಾನು ಹೇಳುವುದಿಲ್ಲ. ವಾಷರ್ ಇರುವುದೇ ಸೀಟು ಇಳಿದ ವಾಲ್ವುಗಳನ್ನು ಉಳಿದವುಗಳ ಸಮಕ್ಕೆ ತರಲಿಕ್ಕೆ. ಅಳೆದು, ಬೇಕಾದ ಕಡೆ ಬೇಕಾದಷ್ಟು ಇಡಬೇಕು. ಪಂಕ್ತಿಯಲ್ಲಿ ಎಲೆಗೊಂದರಂತೆ ಬಡಿಸುವ ವಸ್ತು ಅದಲ್ಲ.

ಇನ್ನು ನಿಮ್ಮ ಕಿವಿಗೆ ಬಿದ್ದ ಸಲಹೆಗಳು. ಮೊದಲನೆಯದು, ಗಟ್ಟಿಯಾದಷ್ಟೂ ಒಳ್ಳೆಯದು ಎಂಬುದು. ಇದನ್ನು ನಾನೂ ಒಂದು ಕಾಲದಲ್ಲಿ ನಂಬಿದ್ದೆ, ಒಬ್ಬರ ಕ್ಯಾಮ್ ತಿಂದುಹಾಕಿದ ಮೇಲೆ ಬಿಟ್ಟೆ. ಸ್ಪ್ರಿಂಗಿನ ಕೆಲಸ ಏನೆಂದು ನೋಡಿ. ವಾಲ್ವನ್ನು ತೆರೆಯುವುದು ಕ್ಯಾಮಿನ ಉಬ್ಬು. ಉಬ್ಬಿನ ಅರ್ಧ ಏರಿನಿಂದ ನೆತ್ತಿಯವರೆಗೆ ವಾಲ್ವಿನ ವೇಗ ತಗ್ಗಬೇಕು, ನೆತ್ತಿ ದಾಟಿದ ಮೇಲೆ ಅದು ಹಿಂದಿರುಗಬೇಕು. ಅಲ್ಲೆಲ್ಲ ವಾಲ್ವನ್ನೂ, ಉಬ್ಬಿನ ಒತ್ತನ್ನು ವಾಲ್ವಿಗೆ ದಾಟಿಸುವ ರಾಕರನ್ನೂ ಉಬ್ಬಿಗೆ ಅಂಟಿಸಿ ಹಿಡಿಯುವುದು ಸ್ಪ್ರಿಂಗ್ ಒಂದೇ. ಅದರ ಕೈ ಸೋತರೆ ವಾಲ್ವ್ ಉಬ್ಬನ್ನು ಬಿಟ್ಟು ಗಾಳಿಯಲ್ಲಿ ತೇಲುತ್ತದೆ, ಸೀಟಿನ ಮೇಲೆ ಬಿದ್ದು ಪುಟಿಯುತ್ತದೆ. ನೀವು ಕೇಳಿದ ಹರಿದ ಸದ್ದು ಅದೇ. ಈ ಹಿಡಿತಕ್ಕೆ ಬೇಕಾದ ಬಲ ಆರ್‌ಪಿಎಂನ ವರ್ಗದಂತೆ ಏರುತ್ತದೆ: 6,000ದಿಂದ 6,600ಕ್ಕೆ ಹೋದರೆ ವೇಗ ನೂರಕ್ಕೆ ಹತ್ತರಷ್ಟು ಹೆಚ್ಚು, ಬಲ ನೂರಕ್ಕೆ ಇಪ್ಪತ್ತೊಂದರಷ್ಟು ಹೆಚ್ಚು ಬೇಕು. ಅಷ್ಟು ಕೊಡುವ ಸ್ಪ್ರಿಂಗ್ ಸಾಕು. ಅದಕ್ಕಿಂತ ಹೆಚ್ಚಿನದೆಲ್ಲ ಕ್ಯಾಮಿನ ಉಬ್ಬನ್ನೂ ರಾಕರಿನ ಮೈಯನ್ನೂ ವಾಲ್ವ್ ಸೀಟನ್ನೂ ಸವೆಸುತ್ತದೆ, ಟೈಮಿಂಗ್ ಬೆಲ್ಟನ್ನು ಜಗ್ಗುತ್ತದೆ. ನಿಮ್ಮದು ಗ್ರೈಂಡ್ ಮಾಡಿಸಿದ ಕ್ಯಾಮ್. ಗ್ರೈಂಡಿಂಗಿನಲ್ಲಿ ಮೇಲಿನ ಗಟ್ಟಿ ಪದರ ಎಷ್ಟು ಉಳಿದಿದೆಯೋ ಬಲ್ಲವರಾರು? ಅಂಥ ಕ್ಯಾಮಿನ ಮೇಲೆ ಭಾರೀ ಡಬಲ್ ಸ್ಪ್ರಿಂಗ್ ಹೇರುವುದು ನನಗೆ ಒಪ್ಪಿಗೆಯಿಲ್ಲ.

ಗಟ್ಟಿ ಸ್ಪ್ರಿಂಗ್ ಎಂಜಿನ್ನಿನ ಪವರನ್ನೆಲ್ಲ ತಿಂದುಬಿಡುತ್ತದೆ ಎಂಬ ಭಯವೂ ಅತಿಯೇ. ತೆರೆಯುವಾಗ ತಿಂದದ್ದರಲ್ಲಿ ಬಹುಪಾಲನ್ನು ಮುಚ್ಚುವಾಗ ಅದು ಕ್ಯಾಮಿಗೇ ಹಿಂದಿರುಗಿಸುತ್ತದೆ. ನಷ್ಟವಾಗುವುದು ತಿಕ್ಕಾಟದಲ್ಲಿ. ಕಾರು ತಿಂಗಳುಗಟ್ಟಲೆ ನಿಂತರೆ ತೆರೆದ ವಾಲ್ವುಗಳ ಸ್ಪ್ರಿಂಗ್ ಸೋಲುತ್ತದೆ ಎಂಬ ಮಾತನ್ನೂ ಆಗಾಗ ಕೇಳುತ್ತೇನೆ. ಒಳ್ಳೆಯ ಸ್ಪ್ರಿಂಗನ್ನು ಕಾರ್ಖಾನೆಯಲ್ಲೇ ಪೂರ್ತಿ ಒತ್ತಿ ಅದರ ಎತ್ತರವನ್ನು ಸ್ಥಿರಗೊಳಿಸಿರುತ್ತಾರೆ, ಸುಮ್ಮನೆ ನಿಂತರೆ ಅದಕ್ಕೇನೂ ಆಗುವುದಿಲ್ಲ. ಅದನ್ನು ಸೋಲಿಸುವುದು ಬಿಸಿ ಮತ್ತು ಎಣಿಕೆ. ನಿಮ್ಮೂರಿನ ಜೋಗಿಮಟ್ಟಿಯ ಗಾಳಿಯಂತ್ರ ಒಂದು ಸುತ್ತು ಮುಗಿಸುವಷ್ಟರಲ್ಲಿ, 6,300ರಲ್ಲಿ ಓಡುವ ಎಂಜಿನ್ನಿನ ಒಂದು ವಾಲ್ವ್ ಹಲವು ಡಜನ್ ಸಲ ತೆರೆದು ಮುಚ್ಚಿರುತ್ತದೆ. ಸೆಕೆಂಡಿಗೆ 52 ಸಲ, ಗಂಟೆಗೆ ಸುಮಾರು 1.9 ಲಕ್ಷ ಸಲ.

ಅಷ್ಟು ವೇಗದಲ್ಲಿ ಸ್ಪ್ರಿಂಗ್ ಬರೀ ಮೇಲೆ ಕೆಳಗೆ ಆಡುವುದಿಲ್ಲ, ಅದರೊಳಗೇ ಅಲೆಗಳು ಎದ್ದು ಓಡಾಡುತ್ತವೆ. ಬಾವಿಯ ಹಗ್ಗವನ್ನು ಒಮ್ಮೆ ಝಾಡಿಸಿದರೆ ಅಲೆ ತುದಿಯವರೆಗೆ ಹೋಗಿ ಬರುವುದಿಲ್ಲವೇ, ಹಾಗೆ. ಪ್ರತಿ ಸ್ಪ್ರಿಂಗಿಗೂ ತನ್ನದೇ ಕಂಪನದ ಲಯ ಇದೆ. ಕ್ಯಾಮಿನ ಹೊಡೆತ ಆ ಲಯಕ್ಕೆ ಜೊತೆಗೂಡಿದರೆ ನಡುವಿನ ಸುತ್ತುಗಳು ಹುಚ್ಚೆದ್ದು ಕುಣಿಯುತ್ತವೆ, ಒತ್ತಡ ಇರಬೇಕಾದ ಕ್ಷಣದಲ್ಲಿ ಇರುವುದಿಲ್ಲ. ಈ ಕುಣಿತವನ್ನು ತಡೆಯಲೆಂದೇ ಡಬಲ್ ಸ್ಪ್ರಿಂಗಿನಲ್ಲಿ ಒಳಗಿನದನ್ನು ಹೊರಗಿನದಕ್ಕೆ ಸ್ವಲ್ಪ ಉಜ್ಜುವಂತೆ, ಸಿಕ್ಕಿಹಾಕಿಕೊಳ್ಳದಿರಲೆಂದು ವಿರುದ್ಧ ದಿಕ್ಕಿಗೆ ಸುತ್ತಿ ಕೂರಿಸುತ್ತಾರೆ. ಉಜ್ಜಿದ ಕಡೆ ಬಿಸಿ ಹುಟ್ಟುತ್ತದೆ ಎಂಬುದು ಅದರ ಬೆಲೆ. ಜೇನುಗೂಡಿನ ಆಕಾರದ ಸ್ಪ್ರಿಂಗ್ ಇನ್ನೊಂದು ದಾರಿ. ಮೇಲಕ್ಕೆ ಹೋದಂತೆ ಸುತ್ತು ಕಿರಿದಾಗುವುದರಿಂದ ಇಡೀ ಸ್ಪ್ರಿಂಗಿಗೆ ಒಂದೇ ಲಯ ಇರುವುದಿಲ್ಲ, ರಿಟೇನರೂ ಚಿಕ್ಕದಾಗಿ ಹಗುರಾಗುತ್ತದೆ. ಹಗುರವಾದ ರಿಟೇನರ್ ಎಂದರೆ ಸ್ಪ್ರಿಂಗಿಗೆ ಹೊರೆ ಇಳಿದಂತೆ. ಗಟ್ಟಿತನ ಹೆಚ್ಚಿಸದೆ ಆರ್‌ಪಿಎಂ ಗಳಿಸುವ ಈ ದಾರಿಯೇ ನನಗೆ ಇಷ್ಟ.

(ಉಕ್ಕಿನ ಸ್ಪ್ರಿಂಗಿನ ಈ ಕಾಟ ತಾಳಲಾರದೆ ರೆನೋ 1986ರಲ್ಲಿ ತನ್ನ ಫಾರ್ಮುಲಾ ಒನ್ ಎಂಜಿನ್ನಿನಲ್ಲಿ ಸ್ಪ್ರಿಂಗನ್ನೇ ಕಿತ್ತು ಒತ್ತಿದ ಅನಿಲವನ್ನು ತಂದಿತು. ಡುಕಾಟಿಯವರು ವಾಲ್ವನ್ನು ಮುಚ್ಚುವುದಕ್ಕೂ ಬೇರೊಂದು ಕ್ಯಾಮ್ ಉಬ್ಬನ್ನೇ ಇಟ್ಟರು. ನಮ್ಮ ಜೇಬಿಗೆ ಉಕ್ಕೇ ಗತಿ.)

ಗುಜರಿಯ ಸ್ಪ್ರಿಂಗ್ ಬೇಡ. ಜಪಾನಿನದ್ದಾದರೂ ಅದು ಎಷ್ಟು ಕೋಟಿ ಸಲ ಒತ್ತಿಸಿಕೊಂಡಿದೆ, ಎಂಜಿನ್ ಎಷ್ಟು ಕಾದಿದೆ, ಬಿಚ್ಚುವವರು ಸ್ಕ್ರೂಡ್ರೈವರಿನಿಂದ ಎಷ್ಟು ಕಡೆ ಗೀರಿದ್ದಾರೆ ಎಂಬುದು ಅದರ ಮೈಮೇಲೆ ಬರೆದಿರುವುದಿಲ್ಲ. ದೊಡ್ಡ ಕಂಪನಿಗಳ ಹೊಸ ಸ್ಪ್ರಿಂಗೇ ಮುರಿದದ್ದುಂಟು. 2010ರಲ್ಲಿ ಟೊಯೋಟಾ ಸುಮಾರು 2.7 ಲಕ್ಷ ಕಾರುಗಳನ್ನು, ಬಹುಪಾಲು ಲೆಕ್ಸಸ್‌ಗಳನ್ನು, ವಾಲ್ವ್ ಸ್ಪ್ರಿಂಗಿಗಾಗಿಯೇ ವಾಪಸ್ ಕರೆಯಿತು. ತಂತಿಯ ಉಕ್ಕಿನಲ್ಲಿ ಸೇರಿದ್ದ ಕಣ್ಣಿಗೆ ಕಾಣದ ಕಲ್ಮಶವೇ ಅಲ್ಲಿ ಕಾರಣ. 2018ರಲ್ಲಿ ಸುಬಾರುವಿಗೂ ಇದೇ ಪಾಡು ಬಂತು. ಪ್ರಯೋಗಾಲಯ ಇಟ್ಟುಕೊಂಡವರಿಗೇ ಹೀಗಾದರೆ ಗುಜರಿಯ ರಾಶಿಯಿಂದ ಹೆಕ್ಕಿದ್ದಕ್ಕೆ ಯಾರ ಖಾತರಿ?

ದಪ್ಪ ತಂತಿಯಲ್ಲಿ ಸುತ್ತಿಸುವ ಸಲಹೆಯ ಬಗ್ಗೆ ಹೇಳುವಾಗ ಯಾರ ಮನಸ್ಸನ್ನೂ ನೋಯಿಸಬಾರದು, ಸ್ಪ್ರಿಂಗ್ ಸುತ್ತುವ ಕೈಗಳು ನನಗೆ ಬೇಕಾದವರವೇ. ಸ್ಟ್ಯಾಂಡಿಗೆ, ಪೆಡಲಿಗೆ, ರೈಸ್ ಮಿಲ್ಲಿನ ಜರಡಿಗೆ ಅವರು ಸುತ್ತಿದ ಸ್ಪ್ರಿಂಗ್ ವರ್ಷಗಟ್ಟಲೆ ಬಾಳುತ್ತದೆ. ವಾಲ್ವ್ ಸ್ಪ್ರಿಂಗ್ ಮಾತ್ರ ಬೇರೆ ಜಾತಿ. ಅದಕ್ಕೆ ಕ್ರೋಮ್-ಸಿಲಿಕಾನ್ ಬೆರೆತ, ಎಣ್ಣೆಯಲ್ಲಿ ಹದಗೊಳಿಸಿದ, ಅತಿ ಶುದ್ಧವಾದ ತಂತಿ ಬೇಕು. ಸುತ್ತಿದ ಮೇಲೆ ಉಳಿದ ಬಿಗುವನ್ನು ಕಾಯಿಸಿ ತೆಗೆಯಬೇಕು, ಸಣ್ಣ ಉಕ್ಕಿನ ಗುಂಡುಗಳ ಮಳೆಯಿಂದ ಮೈಯನ್ನು ಹೊಡೆದು ಬಿರುಕು ಹುಟ್ಟದಂತೆ ಮಾಡಬೇಕು. ದಪ್ಪದ ಲೆಕ್ಕವೂ ಮೋಸ ಮಾಡುತ್ತದೆ: ತಂತಿ ನೂರಕ್ಕೆ ಹತ್ತರಷ್ಟು ದಪ್ಪವಾದರೆ, ಉಳಿದ ಅಳತೆ ಅದೇ ಇದ್ದಾಗ, ಗಟ್ಟಿತನ ನೂರಕ್ಕೆ ಹತ್ತಲ್ಲ, ಸುಮಾರು 46ರಷ್ಟು ಏರುತ್ತದೆ. ಜೊತೆಗೆ ದಪ್ಪ ಸುತ್ತುಗಳು ಬೇಗನೆ ಅಂಟಿಕೊಳ್ಳುತ್ತವೆ. ನಿಮ್ಮ ಎಂಜಿನ್ನಿನಲ್ಲಿ ಈಗಾಗಲೇ ಇಲ್ಲದಿರುವುದೇ ಆ ಜಾಗ.

ಹಾಗಾದರೆ ಏನು ಕೊಳ್ಳಬೇಕು? ಕೊಳ್ಳುವ ಮೊದಲು ಒಂದು ಸಂಶಯ ನಿವಾರಿಸಿಕೊಳ್ಳಿ. ವಾಲ್ವ್ ತೇಲುವುದು ಆರ್‌ಪಿಎಂಗೆ ಸಂಬಂಧಿಸಿದ್ದು. ಯಾವ ಗೇರಿನಲ್ಲಾದರೂ, ಹೊರೆ ಇದ್ದರೂ ಇಲ್ಲದಿದ್ದರೂ, ಹೆಚ್ಚುಕಡಿಮೆ ಅದೇ ಅಂಕಿಯಲ್ಲಿ ಬರುತ್ತದೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬಂದು ಹಗುರವಾಗಿ ಒತ್ತಿದಾಗ ಬಾರದಿದ್ದರೆ ಮೊದಲು ಪ್ಲಗ್, ಕಾಯಿಲ್, ಪೆಟ್ರೋಲ್ ಫಿಲ್ಟರ್ ನೋಡಿ. ವಾಷರಿನಿಂದ 300 ಆರ್‌ಪಿಎಂ ಗಳಿಕೆಯಾಯಿತು ಎಂದಿರಿ, ಹಾಗಾಗಿ ನಿಮ್ಮದು ಸ್ಪ್ರಿಂಗಿನದೇ ತೊಂದರೆ ಎಂಬುದು ನನಗೆ ಬಹುತೇಕ ಖಾತ್ರಿ. ಆದರೂ ಹತ್ತು ನಿಮಿಷದ ಪರೀಕ್ಷೆ.

ಆಮೇಲೆ ಹೆಡ್ ಇಳಿಸಿ, ಹದಿನಾರು ವಾಲ್ವುಗಳಿಗೂ ಸ್ಪ್ರಿಂಗ್ ಕೂರುವ ಎತ್ತರ ಅಳೆಯಿರಿ. ಸ್ಪ್ರಿಂಗ್ ತೆಗೆದು, ವಾಲ್ವ್, ರಿಟೇನರ್, ಅದನ್ನು ಕಡ್ಡಿಗೆ ಬಿಗಿಯುವ ಲಾಕ್ ಜೋಡಿಸಿ, ರಿಟೇನರನ್ನು ಮೇಲಕ್ಕೆ ಎಳೆದು ಹಿಡಿದು, ಅದರ ಅಡಿಯಿಂದ ಸ್ಪ್ರಿಂಗ್ ಕೂರುವ ತಳದವರೆಗಿನ ಅಂತರ. ಹದಿನಾರು ಅಂಕಿಗಳನ್ನು ಕಾಗದದಲ್ಲಿ ಬರೆದರೆ ಇಷ್ಟು ದಿನದ ಕಥೆಯೆಲ್ಲ ಕಣ್ಣಿಗೆ ಬೀಳುತ್ತದೆ. ರಿಟೇನರ್ ಕೆಳಗಿಳಿದಾಗ ವಾಲ್ವಿನ ಎಣ್ಣೆ ಸೀಲಿಗೆ ತಾಗುತ್ತದೆಯೇ ಎಂದೂ ನೋಡಿ, ಪೂರ್ತಿ ಲಿಫ್ಟಿನಲ್ಲಿ ಒಂದೂವರೆ ಮಿಲಿಮೀಟರ್ ಅಂತರ ಇರಲಿ. ಹೆಚ್ಚು ಲಿಫ್ಟಿನ ಕ್ಯಾಮ್ ಹಾಕುವವರು ಮರೆಯುವುದು ಇದನ್ನೇ.

ಒತ್ತಡ ಅಳೆಯಲು ದುಬಾರಿ ಯಂತ್ರ ಬೇಕಿಲ್ಲ. ನನ್ನ ಬಳಿ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಹಳೆಯ ಲೇತ್ ಇದೆ. ಕಾರ್ಖಾನೆ ಮುಚ್ಚಿತು, ಲೇತ್ ಇನ್ನೂ ತಿರುಗುತ್ತಿದೆ. ಅದರ ಪಕ್ಕದ ಡ್ರಿಲ್ಲಿಂಗ್ ಯಂತ್ರದ ಕೆಳಗೆ ಡಿಜಿಟಲ್ ತೂಕದ ಯಂತ್ರ ಇಟ್ಟು, ಮೇಲೆ ಸ್ಪ್ರಿಂಗ್ ನಿಲ್ಲಿಸಿ, ಚಪ್ಪಟೆ ತುದಿಯ ಸರಳಿನಿಂದ ಒತ್ತಿ, ವರ್ನಿಯರಿನಲ್ಲಿ ಎತ್ತರ ಓದುತ್ತೇನೆ. ಕಣ್ಣಿಗೆ ಕನ್ನಡಕ ಕಡ್ಡಾಯ, ಜಾರಿದ ಸ್ಪ್ರಿಂಗ್ ಗುಂಡಿನಂತೆ ಹಾರುತ್ತದೆ. ನೀವು ಕಳುಹಿಸಿದ ಮುರಿಯದ ಸ್ಪ್ರಿಂಗನ್ನು ಹೀಗೇ ಒತ್ತಿ ನೋಡಿದೆ, ಸತ್ತಿಲ್ಲ. ಸೋತದ್ದು ಅದು ನಿಂತಿದ್ದ ಜಾಗ.

ಇಷ್ಟು ಅಂಕಿ ಕೈಯಲ್ಲಿದ್ದರೆ ಅಂಗಡಿಯವರನ್ನು ಪ್ರಶ್ನಿಸುವ ಧೈರ್ಯ ಬರುತ್ತದೆ. ಯಾವ ಎತ್ತರದಲ್ಲಿ ಎಷ್ಟು ಕಿಲೋ, ಮಿಲಿಮೀಟರಿಗೆ ಎಷ್ಟು ಏರಿಕೆ, ಸುತ್ತುಗಳು ಅಂಟುವ ಎತ್ತರ, ಗರಿಷ್ಠ ಲಿಫ್ಟ್. ಈ ನಾಲ್ಕನ್ನು ಬರೆದುಕೊಡಲಾಗದವರು ಮಾರುವ ‘ರೇಸಿಂಗ್’ ಸ್ಪ್ರಿಂಗ್‌ಗೆ ಕೆಂಪು ಬಣ್ಣವೊಂದೇ ಅರ್ಹತೆ. ಬಂದ ಮೇಲೂ ಹದಿನಾರನ್ನೂ ಒತ್ತಿ ನೋಡಿ. ಒಂದೇ ಸೆಟ್ಟಿನಲ್ಲಿ ಒಂದು ಉಳಿದವುಗಳಿಗಿಂತ ನೂರಕ್ಕೆ ಹತ್ತರಷ್ಟು ಬೇರೆಯಿದ್ದರೆ ಹಿಂದಿರುಗಿಸಿ.

ನಿಮ್ಮ ಕಾರಿಗೆ ಮೂರು ದಾರಿ ಕಾಣುತ್ತದೆ. ಕಡಿಮೆ ಖರ್ಚಿನದು: ಹೊಸ ಕಂಪನಿ ಸ್ಪ್ರಿಂಗ್, ಇಳಿದ ಸೀಟುಗಳಿಗೆ ಮಾತ್ರ ಅಳೆದ ಶಿಮ್ (ತೆಳು ವಾಷರ್), ಅಂಟುವುದಕ್ಕೆ ಕನಿಷ್ಠ 1 ಮಿಲಿಮೀಟರ್ ಉಳಿಯುವಂತೆ ನೋಡಿಕೊಂಡು 6,000 ಆರ್‌ಪಿಎಂ ದಾಟದಂತೆ ತಡೆಯುವ ಲಿಮಿಟರ್. ಆ ಜಾಗ ಉಳಿಯದಿದ್ದರೆ ಈ ಕ್ಯಾಮಿಗೆ ಈ ದಾರಿ ಮುಚ್ಚಿತು ಎಂದೇ ಅರ್ಥ, ಒತ್ತಾಯಿಸಬೇಡಿ. ಎರಡನೆಯದು, ನಾನು ಮಾಡುವುದಾದರೆ ಮಾಡುವುದು: ನಿಮ್ಮ ಲಿಫ್ಟಿಗೆ ತಕ್ಕ, ಕಂಪನಿಯದಕ್ಕಿಂತ ಐದನೆಯ ಒಂದು ಪಾಲಿನಷ್ಟು ಮಾತ್ರ ಗಟ್ಟಿಯಾದ ಸಿಂಗಲ್ ಅಥವಾ ಜೇನುಗೂಡು ಸ್ಪ್ರಿಂಗ್, ಅದಕ್ಕೊಪ್ಪುವ ಹಗುರ ರಿಟೇನರ್. ಅಂಕಿಗಳು ಹೊಂದುವ ಸೆಟ್ ಹುಡುಕಲು ತಿಂಗಳು ಹಿಡಿಯಬಹುದು, ಒಂದು ಓಟ ತಪ್ಪಲಿ. ಅಂಟುವ ಜಾಗವನ್ನು 1ರಿಂದ 1.5 ಮಿಲಿಮೀಟರಿನೊಳಗೆ ಇಟ್ಟುಕೊಳ್ಳಿ. ತೀರಾ ಹೆಚ್ಚು ಬಿಟ್ಟರೆ ಸುತ್ತುಗಳ ಕುಣಿತಕ್ಕೆ ಅಂಗಳ ಕೊಟ್ಟಂತೆ. ಮೂರನೆಯದು ಡಬಲ್ ಸ್ಪ್ರಿಂಗ್. ಅದಕ್ಕೆ ಹೆಡ್ಡಿನಲ್ಲಿ ಸ್ಪ್ರಿಂಗ್ ಕೂರುವ ತಳವನ್ನೂ ವಾಲ್ವಿನ ಕಡ್ಡಿ ಜಾರುವ ಗೈಡಿನ ಮೇಲ್ಭಾಗವನ್ನೂ ಕತ್ತರಿಸಬೇಕಾಗಬಹುದು. ಅಲ್ಯೂಮಿನಿಯಂ ಹೆಡ್ಡಿನಲ್ಲಿ ಒಮ್ಮೆ ಕತ್ತರಿಸಿದರೆ ಮರಳಿ ಬರುವುದಿಲ್ಲ, ಅರ್ಧ ಮಿಲಿಮೀಟರ್ ಹೆಚ್ಚಾದರೆ ನೀರಿನ ದಾರಿಯೇ ತೆರೆದುಕೊಳ್ಳಬಹುದು. ನೀವು 7,500 ಮುಟ್ಟುವ ಎಂಜಿನ್ ಕಟ್ಟುವುದಾದರೆ ಯೋಚಿಸೋಣ. ಆಟೋಕ್ರಾಸಿನ ತಿರುವುಗಳಲ್ಲಿ ಗೆಲ್ಲಿಸುವುದು ನಡುವಿನ ಎಳೆತ, ತುದಿಯ ಆರ್‌ಪಿಎಂ ಅಲ್ಲ.

ಹೊಸ ಸ್ಪ್ರಿಂಗನ್ನು ಇಕ್ಕಳದಿಂದ ಹಿಡಿಯಬೇಡಿ, ವೈರ್ ಬ್ರಶ್ಶಿನಿಂದ ಉಜ್ಜಬೇಡಿ. ತುಕ್ಕು ತೆಗೆಯಲು ಆಸಿಡ್ಡಿನಲ್ಲಿ ಅದ್ದುವುದಂತೂ ಬೇಡವೇ ಬೇಡ, ಒಳಗೆ ಹೈಡ್ರೋಜನ್ ಹೊಕ್ಕು ಉಕ್ಕು ಗಾಜಿನಂತಾಗುತ್ತದೆ. ಎಣ್ಣೆ ಸವರಿ ಕೂರಿಸಿ. ಮೊದಲ ಸಲ ಸ್ಟಾರ್ಟ್ ಮಾಡಿದಾಗ ಮಧ್ಯಮ ವೇಗದಲ್ಲಿ ಬಿಸಿಯಾಗಲು ಬಿಟ್ಟು, ಆರಿಸಿ, ಪೂರ್ತಿ ತಣ್ಣಗಾದ ಮೇಲೆಯೇ ಓಡಿಸಿ. ಆ ಮೊದಲ ಬಿಸಿಯಲ್ಲಿ ಸ್ಪ್ರಿಂಗ್ ಸ್ವಲ್ಪ ಒತ್ತಡ ಕಳೆದುಕೊಂಡು ನಿಲ್ಲುತ್ತದೆ, ಅದು ಸಹಜ. ನಾಲ್ಕೈದು ಓಟಗಳಿಗೊಮ್ಮೆ ಕವರ್ ಬಿಚ್ಚಿ ನೋಡಿ, ಹೊಸದಾಗಿದ್ದಾಗಿನ ಒತ್ತಡಕ್ಕಿಂತ ನೂರಕ್ಕೆ ಹತ್ತರಷ್ಟು ಇಳಿದಿದ್ದರೆ ಸೆಟ್ ಪೂರ್ತಿ ಬದಲಿಸಿ.

ಕೊನೆಯದಾಗಿ ಒಂದು ಅವಸರದ ಕೆಲಸ. ಈಗ ಮುರಿದದ್ದರ ಜಾಗದಲ್ಲಿ ಒಂದೇ ಹೊಸ ಸ್ಪ್ರಿಂಗ್ ಹಾಕಿ ಕಾರು ಓಡಿಸುತ್ತಿದ್ದರೆ ಇಂದೇ ನಿಲ್ಲಿಸಿ. ಸೀಟು ಇಳಿಯದ ಉಳಿದ ವಾಲ್ವುಗಳ ಕೆಳಗೆ ಅದೇ ವಾಷರ್ ಇನ್ನೂ ಕುಳಿತಿದೆ. ಮುರಿದ ಸ್ಪ್ರಿಂಗಿನ ವಾಲ್ವ್ ಬಾಗಿರುವ ಸಂಭವವೂ ಇದೆ, ಕಂಪ್ರೆಷನ್ ನೋಡಿಸಿ. ಹೆಡ್ಡನ್ನು ಗೋಣಿಚೀಲದಲ್ಲಿ ಸುತ್ತಿ ದಾವಣಗೆರೆಗೆ ತಂದರೆ ಹದಿನಾರೂ ಎತ್ತರಗಳನ್ನು ಒಟ್ಟಿಗೆ ಕೂತು ಅಳೆಯೋಣ. ಮಧ್ಯಾಹ್ನದ ಮೇಲೆ ಬನ್ನಿ, ಕೆಲಸ ಮುಗಿಯುವ ಹೊತ್ತಿಗೆ ಬೀದಿಯ ಕೊನೆಯಲ್ಲಿ ಮಂಡಕ್ಕಿ ಮಿರ್ಚಿ ಬಿಸಿಯಾಗಿರುತ್ತದೆ. ಕ್ಯಾಮನ್ನೂ ತನ್ನಿ.